ಕಾಲುಚೀಲದ ಎಳೆ ಉಚ್ಚದಿರಲಿ: ಹಾಕುವ ಮೊದಲು, ಹಾಕಿದ ಮೇಲೆ, ಒಗೆಯುವಾಗ

ಬೆಟಗೇರಿಯ ಮಗ್ಗದಲ್ಲಿ ನೇಯ್ದ ಸೀರೆಗೆ ಮೊಳೆ ತಾಗಿ ಒಂದು ಎಳೆ ಹರಿದರೆ ಅಲ್ಲೊಂದು ಸಣ್ಣ ತೂತು ಉಳಿಯುತ್ತದೆ, ಅಷ್ಟೇ. ಹಾಸಿನ ಎಳೆ ಬೇರೆ, ಹೊಕ್ಕಿನ ಎಳೆ ಬೇರೆ. ಒಂದು ತುಂಡಾದರೂ ಅಕ್ಕಪಕ್ಕದವು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಹೆಣೆದ ಕಾಲುಚೀಲದ ಮಾತು ಹಾಗಲ್ಲ. ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ಎಳೆ ಸಾಲಿನುದ್ದಕ್ಕೂ ಕುಣಿಕೆ ಕುಣಿಕೆಯಾಗಿ ಬಾಗುತ್ತ ಹೋಗಿರುತ್ತದೆ. ಮುಂದಿನ ಸಾಲಿನ ಕುಣಿಕೆ ಹಿಂದಿನದರೊಳಗಿಂದ ತೂರಿ ಬಂದಿರುತ್ತದೆ. ಒಂದಕ್ಕೆ ಇನ್ನೊಂದೇ ಆಸರೆ. ನಡುವೆ ಒಂದು ಹರಿಯಿತೋ, ಅದನ್ನು ನೆಚ್ಚಿಕೊಂಡದ್ದು ಜಾರುತ್ತದೆ, ಅದರ ಹಿಂದೆ ಇನ್ನೊಂದು ಜಾರುತ್ತದೆ. ಅಕ್ಕಿಚೀಲದ ಬಾಯಿಯ ಹೊಲಿಗೆಗೆ ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಕೊಳ್ಳುತ್ತದಲ್ಲ, ಇಲ್ಲಿ ಆಗುವುದೂ ಅದೇ.

ಈ ಸಂಗತಿ ತಲೆಗೆ ಹೋದರೆ ಮುಂದಿನದೆಲ್ಲ ಸುಲಭ. ಕಾಲುಚೀಲ ಹರಿದದ್ದು ಒಂದೇ ಒಂದು ಕುಣಿಕೆಯ ಜಾಗದಲ್ಲಿ. ಉದ್ದಕ್ಕೆ ಕಾಣುವ ಗೆರೆ ಆಮೇಲೆ, ಬಟ್ಟೆ ಜಗ್ಗಿದಾಗಲೆಲ್ಲ ಬೆಳೆದದ್ದು. ಅದೂ ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಹರಿದ ಜಾಗದಿಂದ ಮೇಲಕ್ಕೂ ಓಡುತ್ತದೆ, ಕೆಳಕ್ಕೂ ಓಡುತ್ತದೆ. ಕೆಳಗಿನ ತುದಿಗೆ ಮಾತ್ರ ಅಂಟು ಹಚ್ಚಿ ನೆಮ್ಮದಿಯಿಂದ ಹೊರಟವರ ಕಾಲುಚೀಲ ಸಂಜೆಯೊಳಗೆ ಮೊಳಕಾಲಿನವರೆಗೆ ಸೀಳುವುದು ಇದಕ್ಕೇ.

ತೊಗಲಿನ ಬಣ್ಣದ ತೆಳು ನೈಲಾನ್ ಸ್ಟಾಕಿಂಗ್ಸ್ ಹಾಕುವವರು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಕಡಿಮೆ. ಆದರೆ ಕಾಲಿನ ನರ ಉಬ್ಬಿ ವೈದ್ಯರು ಬಿಗಿ ಸ್ಟಾಕಿಂಗ್ಸ್ ಬರೆದುಕೊಟ್ಟವರು ಓಣಿಗೊಬ್ಬರಾದರೂ ಸಿಗುತ್ತಾರೆ. ದಿನವಿಡೀ ನಿಂತು ಪಾಠ ಹೇಳುವ ಶಿಕ್ಷಕಿಯರು, ಖಾನಾವಳಿಯ ಒಲೆ ಮುಂದೆ ನಿಂತು ರೊಟ್ಟಿ ಬಡಿಯುವವರು, ಬಸ್ಸಿನ ಕಂಡಕ್ಟರುಗಳು, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವರು. ಅವರು ಹಾಕುವ ಜೋಡಿ ಅಗ್ಗದ್ದಲ್ಲ. ಹರಿದರೆ ಹೋಗುವುದು ದುಡ್ಡು ಮಾತ್ರವಲ್ಲ, ಕಾಲಿಗೆ ಸಿಗುತ್ತಿದ್ದ ಚಿಕಿತ್ಸೆಯೂ ಹೋಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಮೊದಲ ಗಮನ ಅವರಿಗೆ. ಶಾಲೆಗೆ ಹೋಗುವ ಹುಡುಗಿಯರ ಉದ್ದ ಕಾಲುಚೀಲ, ಲೆಗ್ಗಿಂಗ್ಸ್, ಚಳಿಗೆ ಮನೆಯಲ್ಲೇ ಹೆಣೆದ ಉಣ್ಣೆಯ ಕಾಲುಚೀಲ, ಎಲ್ಲಕ್ಕೂ ಮೂಲನಿಯಮ ಒಂದೇ.

ಮೊದಲು ಕಾಲು, ಕೈ, ಒಡವೆ

ಕಾಲುಚೀಲ ಹರಿಯುವುದು ಹೊರಗಿನ ಮುಳ್ಳಿಗೆ ಎಂದು ನಾವು ತಿಳಿದಿರುತ್ತೇವೆ. ನಾನು ಕಂಡಂತೆ ಹೆಚ್ಚಿನವು ಹರಿಯುವುದು ಹಾಕಿಕೊಳ್ಳುವ ಹೊತ್ತಿನಲ್ಲೇ, ಮನೆಯೊಳಗೇ, ನಮ್ಮದೇ ಕಾಲಿಗೆ ಮತ್ತು ಕೈಗೆ ಸಿಕ್ಕಿ. ಆದ್ದರಿಂದ ಕಾಲುಚೀಲದ ಆರೈಕೆ ಕಾಲಿನ ಆರೈಕೆಯಿಂದಲೇ ಸುರುವಾಗಬೇಕು.

ಹಿಮ್ಮಡಿ ನೋಡಿಕೊಳ್ಳಿ. ನಮ್ಮ ಬಯಲುಸೀಮೆಯ ಒಣಹವೆಗೆ, ಎರೆಮಣ್ಣಿನ ಧೂಳಿಗೆ, ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ರೂಢಿಗೆ ಹಿಮ್ಮಡಿ ಒಡೆಯದವರು ಅಪರೂಪ. ಒಡೆದ ತೊಗಲಿನ ಅಂಚು ಒಣಗಿ ನಿಂತರೆ ನೈಲಾನ್ ಎಳೆಗೆ ಅದು ಕೊಕ್ಕೆಯೇ. ರಾತ್ರಿ ಕಾಲನ್ನು ಉಗುರುಬೆಚ್ಚನೆಯ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ತಿಕ್ಕಿ, ಒರೆಸಿ, ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಇದನ್ನು ರಾತ್ರಿಯೇ ಮಾಡಬೇಕು. ಬೆಳಿಗ್ಗೆ ಎಣ್ಣೆ ಹಚ್ಚಿದ ಕಾಲಿಗೆ ಸ್ಟಾಕಿಂಗ್ಸ್ ಏರಿಸಿದರೆ ಜಾರಿ ಮಡಿಕೆ ಬೀಳುತ್ತದೆ. ರಬ್ಬರಿನ ಪಟ್ಟಿ ಇರುವ ಚೀಲವಾದರೆ ಎಣ್ಣೆಗೆ ಆ ರಬ್ಬರೂ ಬೇಗ ಸಡಿಲಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಕಲ್ಲಿನಿಂದ ಜೋರಾಗಿ ತಿಕ್ಕಬೇಡಿ. ಕಾಲಿಗೆ ಗಾಯವಾದರೆ ಅವರಿಗೆ ಕಾಲುಚೀಲಕ್ಕಿಂತ ದೊಡ್ಡ ತೊಂದರೆ.

ಉಗುರು ಕತ್ತರಿಸಿದರೆ ಸಾಲದು. ನೇಲ್ ಕಟರ್ ಬಿಟ್ಟ ಮೂಲೆ ಬ್ಲೇಡಿನಷ್ಟು ಚೂಪಾಗಿರುತ್ತದೆ. ಕಟರಿನಲ್ಲೇ ಇರುವ ಗರಗರ ಪಟ್ಟಿಯಿಂದ ಅಂಚನ್ನು ಒಂದೇ ದಿಕ್ಕಿಗೆ ಉಜ್ಜಿ ದುಂಡಗೆ ಮಾಡಿ. ನಯವಾಯಿತೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿದರೆ ಗೊತ್ತಾಗುವುದಿಲ್ಲ. ಹಳೆಯ ನೈಲಾನ್ ಚೂರೊಂದನ್ನು ಉಗುರಿನ ಮೇಲೆ ಎಳೆದು ನೋಡಿ, ಎಲ್ಲಿ ತಡೆಯುತ್ತದೋ ಅಲ್ಲಿ ಇನ್ನಷ್ಟು ಉಜ್ಜಿ. ಕೈಬೆರಳಿನ ಉಗುರಿಗೂ ಇದೇ ಮಾತು.

ಇನ್ನು ಕಾಲುಂಗುರ. ತೆಗೆದುಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಕಾಲುಂಗುರದ ಯಾವ ಭಾಗ ಎಳೆ ಹರಿಯುತ್ತದೆ ಎಂಬುದು ಗೊತ್ತಿರಲಿ. ಮೇಲಿನ ಹೂವು, ಎಲೆಯ ಕೆತ್ತನೆ ಒಂದು. ಅದಕ್ಕಿಂತ ಕೆಟ್ಟದ್ದು ಬೆರಳಿನ ಅಡಿಗೆ ಇರುವ ಬಾಯಿ. ನಮ್ಮ ಬೆಳ್ಳಿ ಕಾಲುಂಗುರಗಳಿಗೆ ಹಿಗ್ಗಿಸಿ ಕುಗ್ಗಿಸಲೆಂದು ಅಡಿಯಲ್ಲಿ ಬಾಯಿ ಬಿಟ್ಟಿರುತ್ತಾರೆ. ಆ ಎರಡು ತುದಿಗಳು ನಡೆದಾಗಲೆಲ್ಲ ಚೀಲವನ್ನು ಕಚ್ಚುತ್ತವೆ. ಇದಕ್ಕೆ ಇರುವ ದಾರಿಗಳಲ್ಲಿ ನಿಮಗೆ ಒಪ್ಪುವುದನ್ನು ಆರಿಸಿಕೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೈಕ್ರೋಪೋರ್ ಕಾಗದದ ಟೇಪನ್ನು ಉಂಗುರದ ಸುತ್ತ ಒಂದೇ ಸುತ್ತು ಸಡಿಲವಾಗಿ ಸುತ್ತಿ. ಇಲ್ಲವೇ ಸರಾಫರ ಹತ್ತಿರ ಕೊಟ್ಟು ಬಾಯಿ ಬೆಸೆಸಿ, ನಯಗೊಳಿಸಿದ ಬರಿ ಬಳೆಯಂಥ ಉಂಗುರ ಮಾಡಿಸಿಕೊಳ್ಳಿ. ಕಾಲು ಬಾಯುವವರು ಮಾತ್ರ ಬಾಯಿ ಬೆಸೆದ ಉಂಗುರ ಹಾಕಬಾರದು, ಬಾವು ಬಂದ ದಿನ ಅದು ತೆಗೆಯಲು ಬರುವುದಿಲ್ಲ. ವೈದ್ಯರ ಚೀಟಿಯ ಸ್ಟಾಕಿಂಗ್ಸ್ ಆದರೆ ಬೆರಳು ಹೊರಗಿರುವ ನಮೂನೆಯೂ ಬರುತ್ತದೆ, ಅದನ್ನೇ ಕೇಳಿ ಪಡೆಯಿರಿ. ಕಾಲುಂಗುರ ಹಾಕುವವರಿಗೆ ನನ್ನ ಮೊದಲ ಸಲಹೆ ಅದೇ.

ಕಾಲ್ಗೆಜ್ಜೆ, ಕಾಲಚೈನು ಮಾತ್ರ ಬಿಗಿ ಚೀಲದ ಒಳಗೆ ಬೇಡವೇ ಬೇಡ. ತೊಗಲಿಗೆ ಒತ್ತಿ ಗುರುತು ಬೀಳುತ್ತದೆ, ಕೊಂಡಿ ಒಳಗಿನಿಂದ ಎಳೆ ಕತ್ತರಿಸುತ್ತದೆ. ಹಾಕುವಾಗ ಕೈಯ ಉಂಗುರ, ಕೆತ್ತನೆಯ ಬಳೆ, ಅಂಚು ಒಡೆದ ಗಾಜಿನ ಬಳೆಗಳನ್ನು ಮೊಳಕೈಯತ್ತ ಏರಿಸಿ ಅಥವಾ ತೆಗೆದಿಡಿ. ಹೊಲದ ಕೆಲಸ, ಮಗ್ಗದ ಕೆಲಸ, ಪಾತ್ರೆ ತಿಕ್ಕುವ ಕೆಲಸ ಮಾಡುವವರ ಅಂಗೈ ಒರಟಾಗಿರುವುದು ಸಹಜ. ಅವರಿಗೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸಿಗಿಂತ ಒಳ್ಳೆಯ ಉಪಾಯ ಇಲ್ಲ. ಅದು ಎಳೆಗೆ ತಗಲುವುದಿಲ್ಲ, ಬಟ್ಟೆಯನ್ನು ಹಿಡಿಯುತ್ತದೆ, ಉಗುರನ್ನು ಮುಚ್ಚುತ್ತದೆ. ಬಿಗಿ ಸ್ಟಾಕಿಂಗ್ಸ್ ಹಾಕುವ ಪ್ರತಿಯೊಬ್ಬರ ಮನೆಯಲ್ಲೂ ಅದಕ್ಕೆಂದೇ ಬೇರೆ ಇಟ್ಟ ಒಂದು ಜೋಡಿ ಕೈಗವಸು ಇರಬೇಕು.

ಕೊಳ್ಳುವಾಗ

ಅಳತೆ ತಪ್ಪಿದರೆ ಯಾವ ಜಾಗರೂಕತೆಯೂ ಉಪಯೋಗಕ್ಕೆ ಬಾರದು. ಸಣ್ಣದಾದರೆ ಕುಣಿಕೆಗಳು ಮೊದಲೇ ಪೂರ್ತಿ ಹಿಗ್ಗಿರುತ್ತವೆ, ಸಣ್ಣ ತಗಲಿಗೂ ಹರಿಯುತ್ತವೆ. ದೊಡ್ಡದಾದರೆ ಹಿಮ್ಮಡಿಯ ಹಿಂದೆ, ಮೊಳಕಾಲ ಸಂದಿಯಲ್ಲಿ ಮಡಿಕೆ ಬಿದ್ದು ಅಲ್ಲೇ ಸವೆಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ಕಾಲು ಬಾಯುವ ಮೊದಲು ಅಳತೆ ತೆಗೆಯಿರಿ: ಕಾಲುಗಂಟಿನ ಮೇಲೆ ಅತಿ ಸಣ್ಣಗಿರುವಲ್ಲಿ ಸುತ್ತಳತೆ, ಮೀನಖಂಡ ಅತಿ ದಪ್ಪಗಿರುವಲ್ಲಿ ಸುತ್ತಳತೆ, ಹಿಮ್ಮಡಿಯಿಂದ ಮೊಳಕಾಲ ಕೆಳಗಿನವರೆಗೆ ಉದ್ದ. ಈ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚಪ್ಪಲಿಯ ನಂಬರ್ ಹೇಳಿದರೆ ಸಾಕು ಎಂಬ ಅಂಗಡಿಯಲ್ಲಿ ಕೊಳ್ಳಬೇಡಿ.

ತೆಳು ಸ್ಟಾಕಿಂಗ್ಸಿನ ಪೊಟ್ಟಣದ ಮೇಲೆ ಡೆನಿಯರ್ ಎಂದು ಬರೆದಿರುತ್ತದೆ. 9000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 15 ಡೆನಿಯರಿನದು ಗಾಳಿಯಂತೆ ತೆಳುವು, ಒಂದು ಸಮಾರಂಭಕ್ಕೆ ಸರಿ. ದಿನವೂ ಹಾಕಲು 40ಕ್ಕಿಂತ ಮೇಲಿನದು, ಶಾಲೆಯ ಹುಡುಗಿಯರಿಗೆ 70-80ರದ್ದು ತಾಳುತ್ತದೆ. ಬೆರಳು ಮತ್ತು ಹಿಮ್ಮಡಿಯ ಜಾಗದಲ್ಲಿ ಹೆಣಿಗೆ ದಟ್ಟವಾಗಿರಬೇಕು. ಕೈಯನ್ನು ಮುಷ್ಟಿ ಮಾಡಿ ಚೀಲದೊಳಗೆ ಹಾಕಿ, ಬೆರಳುಗಳನ್ನು ಮೆಲ್ಲಗೆ ಅರಳಿಸಿ ಬೆಳಕಿಗೆ ಹಿಡಿದು ನೋಡಿ. ಅಲ್ಲೇ ಎಳೆ ತೆಳುವಾಗಿ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಸಣ್ಣ ಬಲೆಯಂತೆ ಕಾಣುವ ಹೆಣಿಗೆಯೂ ಬರುತ್ತದೆ. ಅದರಲ್ಲಿ ಒಂದೊಂದು ಕುಣಿಕೆಯನ್ನು ಪಕ್ಕದ ಸಾಲಿಗೂ ಕಟ್ಟಿಹಾಕಿರುವುದರಿಂದ ತೂತು ಬಿದ್ದರೂ ಗೆರೆಯಾಗಿ ಓಡುವುದು ಕಷ್ಟ.

ವೈದ್ಯರು ಬರೆದುಕೊಟ್ಟ ಸ್ಟಾಕಿಂಗ್ಸಿನಲ್ಲಿ ಲೆಕ್ಕ ಬೇರೆ. ಅಲ್ಲಿ ಮುಖ್ಯವಾದದ್ದು ಒತ್ತಡ: 15–20, 20–30, 30–40 ಮಿಲಿಮೀಟರ್ ಪಾದರಸ ಎಂದು ಬರೆದಿರುತ್ತದೆ. ಅದನ್ನು ನಿಮ್ಮಷ್ಟಕ್ಕೆ ಹೆಚ್ಚುಕಡಿಮೆ ಮಾಡಬೇಡಿ. ಕಾಲಿಗೆ ರಕ್ತ ಒಯ್ಯುವ ನಾಳಗಳೇ ಕಿರಿದಾಗಿರುವವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರು ವೈದ್ಯರನ್ನು ಕೇಳದೆ ಹಾಕಲೇಬಾರದು.

ಯಾವುದೇ ಕೊಂಡರೂ ಒಂದೇ ಕಂಪನಿಯ, ಒಂದೇ ಬಣ್ಣದ, ಒಂದೇ ಅಳತೆಯ ಎರಡು ಜೋಡಿ ಕೊಳ್ಳಿ. ಒಂದು ಜೋಡಿಯ ಎಡಗಾಲಿನದು ಹೋಯಿತು, ಇನ್ನೊಂದರ ಬಲಗಾಲಿನದು ಹೋಯಿತು ಎಂದಿಟ್ಟುಕೊಳ್ಳಿ. ಉಳಿದೆರಡು ಸೇರಿ ಒಂದು ಜೋಡಿಯಾಗುತ್ತದೆ. ದಿನ ಬಿಟ್ಟು ದಿನ ಹಾಕಿದರೆ ಹಿಗ್ಗಿದ ಎಳೆಗೆ ಮರಳಿ ಕುಗ್ಗಲು ಬಿಡುವೂ ಸಿಗುತ್ತದೆ.

ಹಾಕಿಕೊಳ್ಳುವ ಕ್ರಮ

ಕೂತು ಹಾಕಿ. ನಿಂತು ಒಂಟಿಗಾಲಲ್ಲಿ ಹಾಕುವಾಗ ಆಯ ತಪ್ಪಿದರೆ ಕೈ ತಾನಾಗಿ ಜಗ್ಗುತ್ತದೆ. ಸ್ನಾನವಾದ ಕೂಡಲೇ ಬೇಡ, ಹಸಿ ತೊಗಲಿನ ಮೇಲೆ ನೈಲಾನ್ ಸರಿಯುವುದಿಲ್ಲ. ಒರೆಸಿ, ಆರಿದ ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ.

ತೆಳು ಚೀಲವನ್ನು ಎರಡೂ ಕೈಯ ಹೆಬ್ಬೆರಳಿನಿಂದ ಬೆರಳತುದಿಯವರೆಗೂ ಸುರುಳಿ ಮಾಡಿ ಹಿಡಿಯಿರಿ. ಕಾಲ್ಬೆರಳು ಸರಿಯಾಗಿ ಕೂರಲಿ, ಆಮೇಲೆ ಹಿಮ್ಮಡಿ, ಆಮೇಲೆ ಸುರುಳಿಯನ್ನು ಸ್ವಲ್ಪ ಸ್ವಲ್ಪವೇ ಬಿಚ್ಚುತ್ತ ಮೇಲಕ್ಕೆ ಬನ್ನಿ. ಮೇಲಿನ ಪಟ್ಟಿ ಹಿಡಿದು ಎಳೆಯುವುದು ದೊಡ್ಡ ತಪ್ಪು. ಕೆಳಗೆ ಸಿಕ್ಕಿಕೊಂಡ ಕುಣಿಕೆಯ ಮೇಲೆ ಪೂರ್ತಿ ಭಾರ ಬೀಳುತ್ತದೆ.

ಬಿಗಿ ಸ್ಟಾಕಿಂಗ್ಸ್ ಆದರೆ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿ, ಆಗ ಕಾಲು ಬಾತಿರುವುದಿಲ್ಲ. ಕೈಗವಸು ಹಾಕಿಕೊಳ್ಳಿ. ಕೈಯನ್ನು ಚೀಲದೊಳಗೆ ಹಿಮ್ಮಡಿಯವರೆಗೆ ಇಳಿಸಿ, ಹಿಮ್ಮಡಿಯ ಜಾಗವನ್ನು ಒಳಗಿನಿಂದ ಹಿಡಿದು ಚೀಲವನ್ನು ಅಷ್ಟರ ಮಟ್ಟಿಗೆ ಹೊರಳಿಸಿ. ಈಗ ಪಾದದ ಭಾಗ ಒಳಗೆ ಜೇಬಿನಂತೆ ಉಳಿಯುತ್ತದೆ. ಅದರಲ್ಲಿ ಪಾದ ಇಳಿಸಿ, ಹಿಮ್ಮಡಿ ಹಿಮ್ಮಡಿಗೇ ಕೂತಿತೇ ಎಂದು ನೋಡಿ, ಉಳಿದದ್ದನ್ನು ಕಾಲಿನ ಮೇಲೆ ಹೊರಳಿಸಿ ತಂದು, ಅಂಗೈಯಿಂದ ಸವರುತ್ತ ಮೇಲಕ್ಕೆ ಸರಿಸಿ. ಉದ್ದ ಹೆಚ್ಚಾಯಿತೆಂದು ಮೇಲಿನ ಅಂಚನ್ನು ಮಡಚಬೇಡಿ, ಕತ್ತರಿಸಲೂ ಬೇಡಿ. ಮಡಚಿದಲ್ಲಿ ಬಿಗಿ ಹೆಚ್ಚಾಗಿ ರಕ್ತಕ್ಕೆ ತಡೆಯಾಗುತ್ತದೆ. ಕತ್ತರಿಸಿದರೆ ಅಲ್ಲಿಂದಲೇ ಉಚ್ಚಲು ಸುರುವಾಗುತ್ತದೆ. ಹಾಕಿದ ಮೇಲೆ ಕಾಲ್ಬೆರಳು ತಣ್ಣಗಾದರೆ, ಬಿಳಚಿಕೊಂಡರೆ, ಜೋಮು ಹಿಡಿದರೆ ಕೂಡಲೇ ತೆಗೆದು ವೈದ್ಯರಿಗೆ ತೋರಿಸಿ.

ತೆಗೆಯುವಾಗಲೂ ಇದೇ ತಾಳ್ಮೆ ಬೇಕು. ಸಂಜೆ ದಣಿದು ಬಂದು ಬೆರಳತುದಿ ಹಿಡಿದು ಜಗ್ಗಿದ ಚೀಲಗಳೇ ಬೆರಳಿನ ಹತ್ತಿರ ಬೇಗ ಹರಿಯುವುದು.

ಮನೆಯ ಹೊರಗೆ

ಕಾಲುಚೀಲ ಹಾಕಿದ ಮೇಲೆ ವೆಲ್ಕ್ರೋ ಪಟ್ಟಿಯ ಚಪ್ಪಲಿ ಬೇಡ. ಆ ಗರಗರ ಭಾಗದಲ್ಲಿರುವುದು ಸಾವಿರಾರು ಸಣ್ಣ ಕೊಕ್ಕೆ, ಒಂದೊಂದೂ ಎಳೆ ಹಿಡಿಯಲೆಂದೇ ಮಾಡಿದ್ದು. ಒಳಗಿನ ಅಟ್ಟೆ ಎದ್ದ, ಮೊಳೆ ಮೇಲೆ ಬಂದ ಬೂಟನ್ನು ಮೊದಲು ಚಮ್ಮಾರರಿಗೆ ತೋರಿಸಿ ಸರಿ ಮಾಡಿಸಿ. ಶಾಲೆಯ ಹುಡುಗಿಯರ ಕಾಲುಚೀಲ ಹರಿಯುವುದು ಬೆಂಚಿನ ಸೀಳಿದ ಕಟ್ಟಿಗೆಗೆ. ಮಗಳು ದಿನವೂ ಒಂದೇ ಕಾಲಿನದು, ಒಂದೇ ಜಾಗದಲ್ಲಿ ಹರಿದುಕೊಂಡು ಬಂದರೆ ಅವಳನ್ನು ಬಯ್ಯಬೇಡಿ, ಅವಳು ಕೂರುವ ಜಾಗ ಯಾವುದೆಂದು ಕೇಳಿ ಮಾಸ್ತರರಿಗೆ ತಿಳಿಸಿ. ಕಲ್ಯಾಣಮಂಟಪಗಳ ಸೀಳುಬಿಟ್ಟ ಪ್ಲಾಸ್ಟಿಕ್ ಕುರ್ಚಿ, ಬಿಚ್ಚಿದ ಬೆತ್ತದ ಕುರ್ಚಿಗಳನ್ನೂ ಕೂರುವ ಮೊದಲು ಅಂಗೈಯಿಂದ ಸವರಿ ನೋಡಿ. ಸಂಜೆ ಚಿಗರಿ ಬಸ್ಸಿನ ನೂಕುನುಗ್ಗಲಿನಲ್ಲಿ ನಿಂತಾಗ ಕೈಚೀಲದ ಜಿಪ್ಪಿರುವ ಬದಿ ನಿಮ್ಮ ಕಾಲಿನ ಕಡೆಗಿರದಂತೆ ತಿರುಗಿಸಿಕೊಳ್ಳಿ. ಸೀರೆ ಉಡುವವರು ಒಳಗೆ ಪಿನ್ನು ಹಾಕಿದ್ದರೆ ಅದರ ಮೊನೆ ಮುಚ್ಚಿದೆಯೇ ಎಂದು ನೋಡಿ.

ಎಳೆ ಹೊರಗೆ ಬಂದಾಗ, ಕುಣಿಕೆ ಹರಿದಾಗ

ಇವೆರಡೂ ಬೇರೆ ಬೇರೆ. ಎಳೆ ಹರಿಯದೆ ಬರೀ ಹೊರಗೆ ಜಗ್ಗಿ ಬಂದು ಸಣ್ಣ ಕುಣಿಕೆಯಾಗಿ ನಿಂತಿದ್ದರೆ ನಿಮ್ಮ ಕಾಲುಚೀಲ ಇನ್ನೂ ಹಾಳಾಗಿಲ್ಲ. ಹಾಳು ಮಾಡುವುದು ಆಮೇಲೆ ಬರುವ ಕತ್ತರಿ. ಹೊರಬಂದ ಎಳೆಯನ್ನು ಎಂದೂ ಕತ್ತರಿಸಬೇಡಿ, ಹಲ್ಲಿನಿಂದ ಕಡಿಯಬೇಡಿ. ಈ ಲೇಖನದಿಂದ ಒಂದೇ ಮಾತು ನೆನಪಿಡುವುದಾದರೆ ಇದು ಇರಲಿ. ಚೀಲವನ್ನು ಕಾಲಿನಿಂದ ತೆಗೆದು, ಆ ಜಾಗವನ್ನು ಎರಡೂ ಕೈಯಿಂದ ಹಿಡಿದು ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಮೆಲ್ಲಗೆ ನಾಲ್ಕಾರು ಸಲ ಹಿಗ್ಗಿಸಿ. ಹೊರಬಂದ ಎಳೆಯ ಉದ್ದ ಅಕ್ಕಪಕ್ಕದ ಬಿಗಿದ ಕುಣಿಕೆಗಳಿಗೆ ಹಂಚಿಹೋಗುತ್ತದೆ. ಇನ್ನೂ ಉಳಿದರೆ ಸಣ್ಣ ಕ್ರೋಶಾ ಸೂಜಿಯನ್ನು ಒಳಗಿನಿಂದ ಹೊರಕ್ಕೆ ತೂರಿ, ಕುಣಿಕೆಯನ್ನು ಹಿಡಿದು ಒಳಗೆಳೆದುಬಿಡಿ.

ಕುಣಿಕೆಯೇ ಹರಿದಿದ್ದರೆ ಮೊದಲು ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿ. ಮೊಳಕಾಲು ಮಡಚಿದಾಗೊಮ್ಮೆ, ಮೆಟ್ಟಿಲು ಹತ್ತಿದಾಗೊಮ್ಮೆ ಅದು ಬೆಳೆಯುತ್ತದೆ. ಬಣ್ಣವಿಲ್ಲದ ನೇಲ್ ಪಾಲಿಶ್ ನೈಲಾನಿಗೆ ಒಳ್ಳೆಯ ತಡೆ. ಚೀಲ ತೆಗೆಯಲು ಜಾಗವಿದ್ದರೆ ತೆಗೆದು, ಇಲ್ಲದಿದ್ದರೆ ಚೀಲಕ್ಕೂ ತೊಗಲಿಗೂ ನಡುವೆ ಬಸ್ ಟಿಕೆಟ್ಟಿನಂಥ ಒಂದು ಕಾಗದದ ಚೂರು ತೂರಿಸಿ, ಗೆರೆಯ ಮೇಲಿನ ತುದಿಗೆ ಒಂದು ಹನಿ, ಕೆಳಗಿನ ತುದಿಗೆ ಒಂದು ಹನಿ ಹಚ್ಚಿ. ಹನಿ ತುದಿಯ ಆಚೆಗಿನ ಗಟ್ಟಿ ಕುಣಿಕೆಯನ್ನೂ ಸ್ವಲ್ಪ ಮುಟ್ಟಬೇಕು. ಪೂರ್ತಿ ಒಣಗುವವರೆಗೆ ಕಾಲು ಚಾಚಿ ಕೂತಿರಿ, ಆಮೇಲೆ ಕಾಗದ ತೆಗೆಯಿರಿ. ನೇಲ್ ಪಾಲಿಶ್‌ಗೆ ಬೆಂಕಿ ಬೇಗ ಹತ್ತುತ್ತದೆ, ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದ್ದರೆ ಅಲ್ಲಿ ಕೂತು ಹಚ್ಚಬೇಡಿ. ಪಾಲಿಶ್ ಕೈಗೆ ಸಿಗದಿದ್ದರೆ ಒದ್ದೆ ಮಾಡಿದ ಮೈಸೋಪನ್ನು ಎರಡೂ ತುದಿಗೆ ತಿಕ್ಕಿ ಒಣಗಿಸಿದರೆ ಮನೆ ಮುಟ್ಟುವವರೆಗೆ ತಡೆದೀತು.

ಫೆವಿಕ್ವಿಕ್‌ನಂಥ ಕ್ಷಣದಲ್ಲಿ ಹಿಡಿಯುವ ಅಂಟು ಮಾತ್ರ ಬೇಡ. ಹತ್ತಿ ಅಥವಾ ಉಣ್ಣೆಗೆ ತಾಗಿದರೆ ಅದು ತಾನಾಗಿ ಕಾಯುತ್ತದೆ, ತೊಗಲು ಸುಡುವಷ್ಟು ಕಾಯುತ್ತದೆ. ನೈಲಾನ್ ಹಗ್ಗದ ತುದಿಯನ್ನು ಕಡ್ಡಿ ಗೀರಿ ಸುಡುವಂತೆ ಕಾಲುಚೀಲದ ಎಳೆಯನ್ನೂ ಸುಡುವವರಿದ್ದಾರೆ. ಒಂದು ಕುಣಿಕೆ ಉಳಿಸಲು ಹೋಗಿ ಸುತ್ತಲಿನ ಹತ್ತು ಕರಗುತ್ತವೆ, ಉಳಿಯುವ ಗಟ್ಟಿ ಹರಳು ತೊಗಲಿಗೆ ಚುಚ್ಚುತ್ತದೆ. ಚೀಲ ಕಾಲಲ್ಲಿರುವಾಗ ಬೆಂಕಿ ಹತ್ತಿರ ತರುವುದಂತೂ ಜೀವಕ್ಕೆ ಅಪಾಯ. ಹೊಸ ಚೀಲವನ್ನು ಒದ್ದೆ ಮಾಡಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟರೆ ಗಟ್ಟಿಯಾಗುತ್ತದೆ ಎಂಬ ಮಾತೂ ಓಡಾಡುತ್ತದೆ. ನಾನದನ್ನು ಯಾರಿಗೂ ಹೇಳುವುದಿಲ್ಲ. ಆ ಹೊತ್ತಿನಲ್ಲಿ ಉಗುರು ಉಜ್ಜಿಕೊಂಡರೆ ಕಣ್ಣಿಗೆ ಕಾಣುವ ಲಾಭವಿದೆ.

ಉಚ್ಚಿದ ಸಾಲನ್ನು ಮತ್ತೆ ಏರಿಸುವುದು

ಶಾಲೆಯ ದಪ್ಪ ಕಾಲುಚೀಲ, ಉಣ್ಣೆಯದು, ಸಾದಾ ಹೆಣಿಗೆಯ ಹತ್ತಿಯದು, ಇವುಗಳಲ್ಲಿ ಉಚ್ಚಿದ ಗೆರೆಯನ್ನು ಮರಳಿ ಕುಣಿಕೆಯಾಗಿಸಬಹುದು. ತೇಪೆ ಹಾಕುವುದಕ್ಕಿಂತ ಇದು ಎಷ್ಟೋ ಪಾಲು ಚೆಂದ. ರಫೂ ಮಾಡುವವರು ನೇಯ್ಗೆಯ ಬಟ್ಟೆಗೆ ಹಾಸು-ಹೊಕ್ಕು ಕೂಡಿಸುವುದರಲ್ಲಿ ನಿಪುಣರು. ಆದರೆ ಅದೇ ರಫೂ ಹೆಣಿಗೆಯ ಮೇಲೆ ಕೂತರೆ ಆ ಜಾಗ ಹಿಗ್ಗುವುದಿಲ್ಲ, ಅಂಚಿನಲ್ಲಿ ಮತ್ತೆ ಹರಿಯುತ್ತದೆ. ಹೆಣಿಗೆಗೆ ಹೆಣಿಗೆಯೇ ಮದ್ದು.

ಉಣ್ಣೆ, ಎಂಬ್ರಾಯ್ಡರಿ ದಾರ ಮಾರುವ ಅಂಗಡಿಯಲ್ಲಿ ಉಕ್ಕಿನ ಕ್ರೋಶಾ ಸೂಜಿ ಸಿಗುತ್ತದೆ. ತೆಳು ಎಳೆಗೆ 0.75 ಮಿಲಿಮೀಟರಿನದು, ಶಾಲೆಯ ಕಾಲುಚೀಲಕ್ಕೆ 1.25ರಷ್ಟಿನದು ಇರಲಿ. ಚೀಲದೊಳಗೆ ಒಂದು ಗಾಜಿನ ಲೋಟ ಇಳಿಸಿ ಬಟ್ಟೆಯನ್ನು ಹದವಾಗಿ ಹರಡಿ. ಬೆಳಕು ಎದುರಿಗಿರಲಿ. ಗೆರೆಯನ್ನು ದಿಟ್ಟಿಸಿದರೆ ಅಡ್ಡಡ್ಡ ಎಳೆಗಳು ಒಂದರ ಮೇಲೊಂದು ಕಾಣುತ್ತವೆ. ಕೆಳತುದಿಯಲ್ಲಿ ಆಸರೆಯಿಲ್ಲದ ಒಂದು ಕುಣಿಕೆ ನಿಂತಿರುತ್ತದೆ. ಸೂಜಿಯನ್ನು ಆ ಕುಣಿಕೆಯೊಳಗೆ ಮುಂದಿನಿಂದ ತೂರಿಸಿ. ಅದರ ಮೇಲಿನ ಮೊದಲ ಅಡ್ಡ ಎಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಕುಣಿಕೆಯೊಳಗಿಂದ ಈಚೆಗೆ ಎಳೆಯಿರಿ. ಈಗ ಅದೇ ಹೊಸ ಕುಣಿಕೆ. ಅದರ ಮೇಲಿನ ಅಡ್ಡ ಎಳೆಯನ್ನು ಹಾಗೇ ಎಳೆಯಿರಿ. ಒಂದೂ ತಪ್ಪಬಾರದು, ಎರಡನ್ನು ಒಟ್ಟಿಗೆ ಹಿಡಿಯಲೂಬಾರದು. ಹೀಗೆ ಹರಿದ ಜಾಗದವರೆಗೆ ಏರಿದ ಮೇಲೆ ಕೊನೆಯ ಕುಣಿಕೆಯನ್ನು ಅದೇ ಬಣ್ಣದ ದಾರದಿಂದ ಮೇಲಿನ ಗಟ್ಟಿ ಕುಣಿಕೆಗೆ ಸೇರಿಸಿ ಎರಡು ಸಣ್ಣ ಹೊಲಿಗೆ ಹಾಕಿ. ದಾರ ಆ ಕುಣಿಕೆಯ ಒಳಗಿಂದಲೇ ಹೋಗಬೇಕು; ಪಕ್ಕದ ಬಟ್ಟೆಯನ್ನು ಹಿಡಿದು ಹೊಲಿದರೆ ಕುಣಿಕೆ ಹೊಲಿಗೆಯ ಕೆಳಗಿಂದಲೇ ಜಾರಿಕೊಳ್ಳುತ್ತದೆ. ಬಿಗಿಯಾಗಿ ಜಗ್ಗಬೇಡಿ, ಹಿಗ್ಗಲು ಜಾಗ ಬಿಡಿ.

ಕಾಲುಚೀಲ ಹೆಣೆಯುವ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ ಕಂಡುಹಿಡಿದದ್ದು 1589ರಲ್ಲಿ. ನೈಲಾನ್ ಸ್ಟಾಕಿಂಗ್ಸ್ ಅಮೆರಿಕದಾದ್ಯಂತ ಅಂಗಡಿಗಳಿಗೆ ಬಂದದ್ದು 1940ರ ಮೇ 15ಕ್ಕೆ. ಎರಡನೆಯ ಮಹಾಯುದ್ಧದಲ್ಲಿ ನೈಲಾನೆಲ್ಲ ಪ್ಯಾರಾಚೂಟಿಗೆ ಹೋಗಿ ಕಾಲುಚೀಲ ಸಿಗದಂತಾದಾಗ, ನಾಲಿಗೆಯಿರುವ ಸಣ್ಣ ಸೂಜಿ ಹಿಡಿದು ಹೀಗೆ ಒಂದೊಂದೇ ಎಳೆ ಏರಿಸಿ ಕೊಡುವುದೇ ಅಲ್ಲಿ ಹಲವರ ಕಸುಬಾಗಿತ್ತು. ಕೈ ಕೂತರೆ ನಿಜಕ್ಕೂ ತೃಪ್ತಿ ಕೊಡುವ ಕೆಲಸ ಇದು.

ವೈದ್ಯರು ಬರೆದುಕೊಟ್ಟ ಸ್ಟಾಕಿಂಗ್ಸಿಗೆ ಈ ರಿಪೇರಿ ಮಾಡಬೇಡಿ. ಅದರ ಹೆಣಿಗೆಯ ನಡುವೆ ರಬ್ಬರಿನಂಥ ಹಿಗ್ಗುವ ಎಳೆ ಅಡ್ಡಕ್ಕೆ ಓಡಿರುತ್ತದೆ, ಒತ್ತಡ ಕೊಡುವುದು ಅದೇ. ಅದು ತುಂಡಾದರೆ ಆ ಜಾಗದಲ್ಲಿ ಒತ್ತಡ ಇಳಿಯುತ್ತದೆ. ದಾರದಿಂದ ಬಿಗಿದರೆ ಅಲ್ಲೇ ತೊಗಲಿಗೆ ಒತ್ತುತ್ತದೆ. ಮೇಲಿನ ಎಳೆ ಜಗ್ಗಿ ಬಂದಿದ್ದರೆ ಒಳಗೆ ಸೇರಿಸಿ ಬಳಸಿ. ತೂತು ಬಿದ್ದಿದ್ದರೆ ಬದಲಿಸಿ. ತೂತು ಬೀಳದಿದ್ದರೂ, ದಿನವೂ ಹಾಕುವುದಾದರೆ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ ಅದರ ಬಿಗಿ ಕಡಿಮೆಯಾಗುತ್ತದೆ. ಮೊದಲಿನಷ್ಟು ಕಷ್ಟವಿಲ್ಲದೆ ಏರುತ್ತಿದೆ ಎಂದರೆ ಅದು ಹೊಸದು ಕೊಳ್ಳುವ ಸೂಚನೆ.

ಟೇಲರರ ಹತ್ತಿರ ಲೆಗ್ಗಿಂಗ್ಸ್, ಬನಿಯನ್ ಬಟ್ಟೆ, ಟೀ-ಶರ್ಟ್ ಅಳತೆ ಸರಿಮಾಡಿಸಲು ಕೊಡುವವರಿಗೂ ಒಂದು ಮಾತು. ಮಷಿನ್ನಿನ ಸಾದಾ ಚೂಪು ಸೂಜಿ ಎಳೆಯನ್ನು ಚುಚ್ಚಿ ಸೀಳುತ್ತದೆ. ಹೊಲಿಗೆಯುದ್ದಕ್ಕೂ ಸಣ್ಣ ತೂತುಗಳು ಬಿದ್ದು ಎರಡು ಒಗೆತಕ್ಕೆ ಅಲ್ಲಿಂದ ಎಳೆ ಓಡುತ್ತದೆ. ಮೊನೆ ದುಂಡಗಿರುವ ಸೂಜಿ ಎಳೆಯನ್ನು ಬದಿಗೆ ಸರಿಸಿ ದಾರಿ ಮಾಡಿಕೊಳ್ಳುತ್ತದೆ. "ಅಣ್ಣಾರ, ಇದು ಹೊಸೇರಿ ಬಟ್ಟಿ ಐತ್ರಿ, ಬಾಲ್ ಪಾಯಿಂಟ್ ಸೂಜಿ ಹಾಕಿ ಹೊಲೀರಿ" ಎಂದು ಬಾಯಿಬಿಟ್ಟು ಹೇಳಿ. ಹೇಳಿದರೆ ಹಾಕುತ್ತಾರೆ.

ಕೈಯಿಂದ ಹೆಣೆಯುವವರಿಗೆ

ಧಾರವಾಡದ ಚಳಿಗೆಂದು ಮನೆಯ ಹಿರಿಯರಿಗೆ ಉಣ್ಣೆಯ ಕಾಲುಚೀಲ ಹೆಣೆಯುವವರು ಮುಗಿಸುವ ಸಾಲನ್ನು ಸಡಿಲ ಬಿಡಿ. ಬಿಗಿಯಾಗಿ ಮುಗಿಸಿದರೆ ಹಿಮ್ಮಡಿ ದಾಟಿಸುವಾಗಲೇ ಎಳೆ ತುಂಡಾಗಿ, ಅಲ್ಲಿಂದ ಇಡೀ ಚೀಲ ಉಚ್ಚುತ್ತದೆ. ಉಳಿದ ತುದಿಯನ್ನು ಕನಿಷ್ಠ 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಒಳಬದಿಯಲ್ಲಿ ಒಮ್ಮೆ ಒಂದು ದಿಕ್ಕಿಗೆ, ಮತ್ತೆ ತಿರುಗಿ ಇನ್ನೊಂದು ದಿಕ್ಕಿಗೆ ಕುಣಿಕೆಗಳ ನಡುವೆ ಪೋಣಿಸಿ. ಗಂಟು ಹಾಕಿ ಬಿಟ್ಟರೆ ಗಂಟು ಬಿಚ್ಚುತ್ತದೆ, ಬಿಚ್ಚದಿದ್ದರೆ ಚುಚ್ಚುತ್ತದೆ. ಹಿಮ್ಮಡಿ ಮತ್ತು ಬೆರಳಿನ ಜಾಗ ಬಂದಾಗ ಉಣ್ಣೆಯ ಜೊತೆ ಅದೇ ಬಣ್ಣದ ತೆಳು ನೈಲಾನ್ ದಾರವನ್ನೂ ಸೇರಿಸಿ ಹೆಣೆದರೆ ಆ ಭಾಗ ಎಷ್ಟೋ ಹೆಚ್ಚು ದಿನ ಬಾಳುತ್ತದೆ. ಮೇಲಿನ ಪಟ್ಟಿಗೆ ಒಂದು ಸುಲ್ಟಾ ಒಂದು ಉಲ್ಟಾ ಹೆಣಿಗೆ ಇರಲಿ. ಅದು ಹಿಗ್ಗುತ್ತದೆ, ಜೊತೆಗೆ ಹೆಣೆದು ಮುಗಿಸಿದ ತುದಿಯಿಂದ ಮಾತ್ರ ಉಚ್ಚೀತೇ ಹೊರತು ಸುರು ಮಾಡಿದ ತುದಿಯಿಂದ ಉಚ್ಚುವುದಿಲ್ಲ.

ಒಗೆಯುವುದು, ಒಣಗಿಸುವುದು

ಒಗೆಯುವ ಕಲ್ಲು, ಬ್ರಷ್ಷು ಎರಡೂ ದೂರವಿರಲಿ. ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ, ಬಕೆಟ್ಟಿನಲ್ಲಿ ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರಿಗೆ ಸೌಮ್ಯ ಸೋಪು ಕರಗಿಸಿ, ಅಂಗೈಯಿಂದ ಒತ್ತಿ ಒತ್ತಿ ತೊಳೆಯಿರಿ. ಬೋರಿನ ಸವಳು ನೀರಿನ ಊರುಗಳಲ್ಲಿ ಸೋಪು ನೊರೆ ಬಾರದೆ ಬಿಳಿ ಕೆನೆಯಾಗಿ ಎಳೆಗೆ ಕೂರುತ್ತದೆ, ಒಣಗಿದಾಗ ಚೀಲ ಪೆಡಸಾಗುತ್ತದೆ. ಅಂಥಲ್ಲಿ ನಳದ ನೀರು ಬಂದ ದಿನ ಇದಕ್ಕೆಂದು ಅರ್ಧ ಬಕೆಟ್ ತೆಗೆದಿಡಿ, ಕೊನೆಯ ಜಾಲಾಟವಾದರೂ ಅದರಲ್ಲಾಗಲಿ. ಬ್ಲೀಚು ಬೇಡ, ಬಟ್ಟೆ ಮೆದುಗೊಳಿಸುವ ದ್ರಾವಣವೂ ಬೇಡ.

ವಾಷಿಂಗ್ ಮಷಿನ್ನಿಗೆ ಹಾಕಲೇಬೇಕಾದರೆ ಹಳೆಯ ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಜೀನ್ಸಿನ ಜಿಪ್ಪು, ಕುಪ್ಪಸದ ಹುಕ್ಕುಗಳ ಜೊತೆ ಬಿಡಿಯಾಗಿ ಸುತ್ತಿದರೆ ಒಂದೇ ಒಗೆತಕ್ಕೆ ಹಾಳು. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಒಣಗಿಸುವುದು ನೆರಳಿನಲ್ಲಿ. ಗದಗಿನ ಏಪ್ರಿಲ್ ಬಿಸಿಲಿಗೆ ನೈಲಾನೂ ಹಿಗ್ಗುವ ಎಳೆಯೂ ಜೀರ್ಣವಾಗುತ್ತವೆ. ತುಕ್ಕು ಹಿಡಿದ ತಂತಿ, ಬೇಲಿ, ಸಿಬಿರೆದ್ದ ಬಿದಿರುಗಳ ಮೇಲೆ ಹರವಬೇಡಿ, ಕ್ಲಿಪ್ಪೂ ಹಚ್ಚಬೇಡಿ. ಟವೆಲ್ ಹಾಸಿ ಅದರ ಮೇಲೆ ಚಪ್ಪಟೆಯಾಗಿ ಹರವಿದರೆ ಸಾಕು. ಇಸ್ತ್ರಿ ಮುಟ್ಟಿಸಬಾರದು. ಒಣಗಿದ ಮೇಲೆ ಒಂದರ ಬಾಯಿಗೆ ಇನ್ನೊಂದನ್ನು ತುರುಕಿ ಉಂಡೆ ಮಾಡಬೇಡಿ, ಮೇಲಿನ ಪಟ್ಟಿ ಸಡಿಲಾಗುತ್ತದೆ. ಮಡಚಿ, ಬಟ್ಟೆಯ ಚೀಲದಲ್ಲಿ ಬೇರೆ ಇಡಿ.

ಕೊನೆಗೆ ಹರಿದೇ ಹೋದ ಜೋಡಿಯನ್ನು ಕಸಕ್ಕೆ ಹಾಕುವ ಮೊದಲು ಅದರಿಂದ ರಿಪೇರಿಯ ಸಾಮಾನು ತೆಗೆದಿಡಿ. ಉಣ್ಣೆ, ಹತ್ತಿಯ ಚೀಲವಾದರೆ ಮುಗಿಸಿದ ತುದಿಯಿಂದ ಎಳೆ ಬಿಚ್ಚಿ ರಟ್ಟಿನ ಚೂರಿಗೆ ಸುತ್ತಿ. ಅದೇ ಬಣ್ಣದ ಇನ್ನೊಂದು ಜೋಡಿಗೆ ಅಷ್ಟು ಸರಿಹೊಂದುವ ದಾರ ಅಂಗಡಿಯಲ್ಲಿ ಸಿಗುವುದಿಲ್ಲ. ನೈಲಾನಿನದಾದರೆ ಅಂಗೈಯಗಲದ ಒಂದು ಚೂರು ಕತ್ತರಿಸಿ ಉಗುರಿನ ನಯ ಪರೀಕ್ಷಿಸಲು ನೇಲ್ ಕಟರಿನ ಜೊತೆಗೇ ಇಟ್ಟುಕೊಳ್ಳಿ. ಉಳಿದದ್ದನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿದರೆ ಹಿತ್ತಲಿನ ಟೊಮ್ಯಾಟೊ ಗಿಡ, ಹಾಗಲಬಳ್ಳಿಗಳನ್ನು ಕೋಲಿಗೆ ಕಟ್ಟಲು ಬರುತ್ತದೆ. ಹಿಗ್ಗುವುದರಿಂದ ಕಾಂಡ ದಪ್ಪವಾದರೂ ಕೊಯ್ಯುವುದಿಲ್ಲ.